ಮೆಕ್ಕೆಜೋಳ ಬಂದರಿನಲ್ಲಿತ್ತು, ಡಾಲರ್ ಇರಲಿಲ್ಲ

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಮಿರ್ಚಿ–ಮಂಡಕ್ಕಿ ಅಂಗಡಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಡಬ್ಬಿ ರೇಟು ಏರಿ ತಿಂಗಳುಗಟ್ಟಲೆ ಒದ್ದಾಡಿದೆವು. ಆಮೇಲೆ ಇಳಿಯಿತು. ಮಗಳು ಡಿಗ್ರಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಳೆ. ಜಗತ್ತಿನಲ್ಲಿ ಎಲ್ಲರಿಗೂ ಸಾಕಾಗುವಷ್ಟು ಬೆಳೆಯುತ್ತದೆ ಅನ್ನುತ್ತಾಳೆ. ಹಾಗಿದ್ದರೆ ಎಲ್ಲೋ ಯುದ್ಧವಾದರೆ ಈಜಿಪ್ಟ್, ಶ್ರೀಲಂಕಾದಂಥ ದೇಶಗಳ ಜನ ಊಟಕ್ಕೆ ಪರದಾಡುವುದು ಯಾಕೆ ಮೇಡಂ? ನಮಗೆ ರೇಟು ಇಳಿದ ಮೇಲೂ ಅವರಿಗೆ ಯಾಕೆ ಇಳಿಯಲಿಲ್ಲ? ನಮಗೂ ಆ ಗತಿ ಬರಬಹುದಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. 2022ರಲ್ಲಿ ಜಗತ್ತಿನ ಗೋಧಿ ಬೆಳೆ ಕಡಿಮೆಯೇನೂ ಆಗಿರಲಿಲ್ಲ, ಅದುವರೆಗಿನ ದಾಖಲೆಯನ್ನೇ ಮುರಿಯಿತು. ಆದರೂ ಅದೇ ವರ್ಷ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಲೆ ಸೂಚ್ಯಂಕ 160ರ ಹತ್ತಿರ ಹೋಯಿತು. 2014–16ರ ಸರಾಸರಿಯನ್ನು 100 ಅಂತ ಇಟ್ಟುಕೊಂಡು ಮಾಡುವ ಲೆಕ್ಕ ಅದು. ಅಷ್ಟು ಮೇಲೆ ಅದು ಹಿಂದೆಂದೂ ಹೋಗಿರಲಿಲ್ಲ. ಬೆಳೆಯೂ ದಾಖಲೆ, ಬೆಲೆಯೂ ದಾಖಲೆ! ಗೋಧಿ ಇದ್ದರೆ ಸಾಲದು. ಅದು ಹೊರಡುವ ಬಂದರು ತೆರೆದಿರಬೇಕು, ದೇಶ ದೇಶಗಳ ವ್ಯಾಪಾರ ಹೆಚ್ಚಾಗಿ ಡಾಲರಿನಲ್ಲೇ ನಡೆಯುವುದರಿಂದ ಕೊಳ್ಳುವವರ ಕೈಯಲ್ಲಿ ಡಾಲರ್ ಇರಬೇಕು. ಬಂದರಿನ ಸುದ್ದಿಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಡಾಲರಿನ ಸುದ್ದಿ ಅಷ್ಟಾಗಿ ಬರಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಅಲ್ಲೇ ಇದೆ.

ಬಂದರಿನ ಮಾತನ್ನು ಬೇಗ ಮುಗಿಸುತ್ತೇನೆ. ಯುದ್ಧಕ್ಕೆ ಮೊದಲು ಜಗತ್ತಿನ ಗೋಧಿ ರಫ್ತಿನಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ರಷ್ಯಾ ಮತ್ತು ಯುಕ್ರೇನ್‌ನದು. ಸೂರ್ಯಕಾಂತಿ ಎಣ್ಣೆಯಲ್ಲಿ ಯುಕ್ರೇನ್ ಒಂದರದ್ದೇ ಅರ್ಧದಷ್ಟು. 2022ರ ಫೆಬ್ರುವರಿ 24ರಂದು ಯುದ್ಧ ಶುರುವಾಯಿತು. ಕಪ್ಪು ಸಮುದ್ರದ ದಂಡೆಯಲ್ಲಿರುವ ಯುಕ್ರೇನಿನ ಒಡೆಸಾ ಮತ್ತು ಸುತ್ತಲಿನ ಬಂದರುಗಳು ಮುಚ್ಚಿದವು, ಸುಮಾರು 2 ಕೋಟಿ ಟನ್ ಧಾನ್ಯ ಒಳಗೇ ಸಿಕ್ಕಿಕೊಂಡಿತು. ಜುಲೈ 22ರಂದು ವಿಶ್ವಸಂಸ್ಥೆ ಮತ್ತು ಟರ್ಕಿ ಮಧ್ಯೆ ನಿಂತು ಇಸ್ತಾಂಬುಲ್‌ನಲ್ಲಿ ಧಾನ್ಯದ ಹಡಗುಗಳನ್ನು ಬಿಡುವ ಒಪ್ಪಂದ ಮಾಡಿಸಿದವು. ಮುಂದಿನ ಒಂದು ವರ್ಷದಲ್ಲಿ ಆ ದಾರಿಯಲ್ಲಿ ಸುಮಾರು 3.3 ಕೋಟಿ ಟನ್ ಸರಕು ಹೊರಬಂತು. 2023ರ ಜುಲೈ 17ರಂದು ರಷ್ಯಾ ಒಪ್ಪಂದದಿಂದ ಹೊರನಡೆಯಿತು. ಆದರೆ ಅಷ್ಟರೊಳಗೆ, 2022ರ ಕೊನೆಗೇ, ಅಂತರರಾಷ್ಟ್ರೀಯ ಪೇಟೆಯಲ್ಲಿ ಗೋಧಿ ಬೆಲೆ ಯುದ್ಧಕ್ಕೆ ಮೊದಲಿನ ಮಟ್ಟಕ್ಕೆ ಇಳಿದಿತ್ತು.

ಹಾಗಾದರೆ ಕೈರೋದಲ್ಲಿ ಯಾಕೆ ಇಳಿಯಲಿಲ್ಲ? ಈಜಿಪ್ಟ್ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹತ್ತು ಕೋಟಿಗೂ ಜಾಸ್ತಿ ಜನ ಇರುವ ದೇಶ ಅದು. ನೈಲ್ ನದಿಯ ಆಚೀಚೆ ಬಿಟ್ಟರೆ ಉಳಿದದ್ದೆಲ್ಲ ಮರಳು. ವರ್ಷಕ್ಕೆ 1.2 ಕೋಟಿ ಟನ್ ಆಸುಪಾಸು ಗೋಧಿ ಹೊರಗಿನಿಂದ ತರಬೇಕು. ಯುದ್ಧಕ್ಕೆ ಮೊದಲು ಅದರಲ್ಲಿ ಬಹುಪಾಲು ಬರುತ್ತಿದ್ದದ್ದು ರಷ್ಯಾ, ಯುಕ್ರೇನ್ ಎರಡೇ ದೇಶಗಳಿಂದ. ಅಲ್ಲಿನ ಬಡವರ ಊಟ ಅಂದರೆ ಬಲದಿ ರೊಟ್ಟಿ. ದುಂಡಗೆ ಉಬ್ಬಿದ, ತವುಡಿನ ಬಣ್ಣದ ರೊಟ್ಟಿ. ರೇಷನ್ ಕಾರ್ಡ್ ಇದ್ದರೆ ಒಬ್ಬರಿಗೆ ದಿನಕ್ಕೆ ಐದು. ಸುಮಾರು ಏಳು ಕೋಟಿ ಜನ ಈ ಲೆಕ್ಕದಲ್ಲಿದ್ದಾರೆ. ಬೆಲೆ ಮೂರು ದಶಕಕ್ಕೂ ಜಾಸ್ತಿ ಕಾಲ ಒಂದೇ ಇತ್ತು, ರೊಟ್ಟಿಗೆ 5 ಪಿಯಾಸ್ತರ್. ಒಂದು ಈಜಿಪ್ಟ್ ಪೌಂಡ್‌ಗೆ 100 ಪಿಯಾಸ್ತರ್. ಅಂದರೆ ಒಂದು ಪೌಂಡ್‌ಗೆ ಇಪ್ಪತ್ತು ರೊಟ್ಟಿ.

ಆ ಬೆಲೆ ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಇರಲಿಲ್ಲ. ಅದಕ್ಕೆ ಕಾರಣ ಇದೆ. 1977ರ ಜನವರಿಯಲ್ಲಿ ಅಧ್ಯಕ್ಷ ಅನ್ವರ್ ಸಾದತ್ ಸರ್ಕಾರ ಸಬ್ಸಿಡಿ ಕಡಿತ ಮಾಡಲು ಹೋಗಿ ಜನ ಬೀದಿಗಿಳಿದರು, ಹತ್ತಾರು ಜನ ಸತ್ತರು. ಎರಡೇ ದಿನದಲ್ಲಿ ಆದೇಶ ವಾಪಸ್ ಆಯಿತು. ಅದಾದ ಮೇಲೆ ಸರ್ಕಾರಗಳು ಬೆಲೆ ಬಿಟ್ಟು ರೊಟ್ಟಿಯನ್ನೇ ಸಣ್ಣದು ಮಾಡುತ್ತಾ ಬಂದವು. 2020ರ ಆಗಸ್ಟ್‌ನಲ್ಲಿ 110 ಗ್ರಾಂ ಇದ್ದದ್ದು 90 ಗ್ರಾಂ ಆಯಿತು. ಮಿರ್ಚಿ ರೇಟು ಏರಿಸಲಾಗದೆ ಸೈಜು ಕಡಿಮೆ ಮಾಡುವ ಕಷ್ಟ ನಿಮಗೂ ಗೊತ್ತಿರಬಹುದು!

ಈಗ ಡಾಲರ್ ವಿಷಯಕ್ಕೆ ಬರೋಣ. ಈಜಿಪ್ಟ್‌ಗೆ ಡಾಲರ್ ಬರುವ ದಾರಿಗಳು ಪ್ರವಾಸಿಗರು, ಸುಯೆಜ್ ಕಾಲುವೆ, ಗಲ್ಫ್‌ನಲ್ಲಿ ದುಡಿಯುವವರು ಕಳಿಸುವ ಹಣ ಮತ್ತು ವಿದೇಶಿ ಸಾಲ. ಯುದ್ಧ ಶುರುವಾದ ಕೂಡಲೇ ಕೆಂಪು ಸಮುದ್ರದ ದಂಡೆಗೆ ಬರುತ್ತಿದ್ದ ರಷ್ಯಾ, ಯುಕ್ರೇನ್ ಪ್ರವಾಸಿಗರು ನಿಂತರು. ಅದೇ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸಲು ಶುರು ಮಾಡಿತು. ಸೊನ್ನೆಯ ಹತ್ತಿರ ಇದ್ದ ಬಡ್ಡಿ 2023ರ ಜುಲೈ ಹೊತ್ತಿಗೆ ಶೇ. 5 ದಾಟಿತ್ತು. ಅಮೆರಿಕದಲ್ಲೇ ಒಳ್ಳೆ ಬಡ್ಡಿ ಸಿಗುವಾಗ ಈಜಿಪ್ಟ್ ಬಾಂಡ್, ಅಂದರೆ ಸರ್ಕಾರದ ಸಾಲಪತ್ರ, ಯಾರಿಗೆ ಬೇಕು? ಕೆಲವೇ ತಿಂಗಳಲ್ಲಿ ಸುಮಾರು 2,000 ಕೋಟಿ ಡಾಲರ್ ಅಲ್ಲಿಂದ ಎದ್ದುಹೋಯಿತು. 2023ರ ಕೊನೆಗೆ ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಹಡಗುಗಳು ಆಫ್ರಿಕಾವನ್ನು ಸುತ್ತಿ ಹೋಗತೊಡಗಿದವು. ಸುಯೆಜ್ ಆದಾಯ 2023ರಲ್ಲಿ 1,000 ಕೋಟಿ ಡಾಲರ್ ಆಸುಪಾಸು ಇದ್ದದ್ದು 2024ರಲ್ಲಿ 400 ಕೋಟಿಗೆ ಬಿತ್ತು.

ಒಂದು ಡಾಲರ್‌ಗೆ 2022ರ ಶುರುವಿನಲ್ಲಿ 15.7 ಪೌಂಡ್ ಇತ್ತು. 2023ರ ಶುರುವಿಗೆ 30 ಆಯಿತು. 2024ರ ಮಾರ್ಚ್‌ನಲ್ಲಿ 50ರ ಹತ್ತಿರ ಹೋಯಿತು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಗೋಧಿ ಟನ್ನಿಗೆ 300 ಡಾಲರ್‌ನಲ್ಲೇ ನಿಂತಿದೆ, ಒಂದು ಡಾಲರೂ ಏರಿಲ್ಲ ಅಂದುಕೊಳ್ಳಿ. 2022ರ ಶುರುವಿನಲ್ಲಿ ಆ ಟನ್ನು 4,700 ಪೌಂಡ್‌ಗೆ ಸಿಗುತ್ತಿತ್ತು. ಡಾಲರ್‌ಗೆ 48 ಪೌಂಡ್ ಆದಾಗ ಅದೇ ಟನ್ನಿಗೆ 14,400 ಪೌಂಡ್. ಜಗತ್ತಿನ ಪೇಟೆಯಲ್ಲಿ ಬೆಲೆ ಇಳಿದರೂ ಅವರಿಗೆ ಇಳಿಯದೆ ಇದ್ದದ್ದು ಇದರಿಂದ.

ಇದನ್ನು ಇನ್ನೂ ಹತ್ತಿರದಿಂದ ನೋಡಬೇಕಾದರೆ ಕೋಳಿ ಫಾರಂಗೆ ಹೋಗಬೇಕು. ನೀವು ಮೆಕ್ಕೆಜೋಳದ ಸೀಮೆಯವರು, ನಿಮಗೆ ಕೋಳಿ ಮೇವಿನ ಲೆಕ್ಕ ಗೊತ್ತು. ಈಜಿಪ್ಟ್‌ನ ಕೋಳಿಗಳು ತಿನ್ನುವ ಮೆಕ್ಕೆಜೋಳ, ಸೋಯಾ ಹೆಚ್ಚಾಗಿ ಹಡಗಿನಲ್ಲಿ ಬರುವಂಥದ್ದು. 2022ರ ಅಕ್ಟೋಬರ್‌ನಲ್ಲಿ ಹಡಗು ಬಂದಿತ್ತು, ಮಾಲು ಬಂದರಿನಲ್ಲೇ ಬಿದ್ದಿತ್ತು. ಬಿಡಿಸಿಕೊಳ್ಳಲು ವ್ಯಾಪಾರಿಗಳಿಗೆ ಬ್ಯಾಂಕಿನಲ್ಲಿ ಡಾಲರ್ ಸಿಗಲಿಲ್ಲ. ಮೇವಿಲ್ಲದೆ ಫಾರಂನವರು ಮರಿಗಳನ್ನು ಕೊಂದುಹಾಕಿದರು. ಆ ವಿಡಿಯೋಗಳು ದೇಶದ ತುಂಬಾ ಹರಿದಾಡಿದ ಮೇಲೆ ಸರ್ಕಾರ ಎಚ್ಚೆತ್ತು ಕಂತುಕಂತಾಗಿ ಮೇವು ಬಿಡಿಸಿತು. ಅಷ್ಟರಲ್ಲಿ ಕೋಳಿ, ಮೊಟ್ಟೆ ಎರಡೂ ದುಬಾರಿಯಾಗಿದ್ದವು. ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಪೋಷಣಾ ಸಂಸ್ಥೆ ಫೇಸ್‌ಬುಕ್‌ನಲ್ಲಿ ಕಡಿಮೆ ಖರ್ಚಿನ ಪ್ರೋಟೀನ್ ಪಟ್ಟಿ ಹಾಕಿತು. ಅದರಲ್ಲಿ ಕೋಳಿ ಕಾಲುಗಳೂ ಇದ್ದವು. ತೀರಾ ಬಡವರು ಮಾತ್ರ ಕೊಳ್ಳುವ ಕೋಳಿ ಕಾಲನ್ನು ಸರ್ಕಾರವೇ ತಿನ್ನಿ ಅಂದದ್ದಕ್ಕೆ ಜನ ಸಿಟ್ಟಾದರು. ಸಂಸ್ಥೆಯವರ ಲೆಕ್ಕ ತಪ್ಪಿರಲಿಕ್ಕಿಲ್ಲ. ಆದರೆ ಹಸಿದವರ ಮುಂದೆ ಮಾತಾಡುವ ರೀತಿಯೂ ಒಂದು ಇರುತ್ತದಲ್ವಾ?

2023ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟ್ ನಗರಗಳ ಹಣದುಬ್ಬರ ಶೇ. 38 ಮುಟ್ಟಿತು. ಆಹಾರದ್ದು ಶೇ. 70 ದಾಟಿತ್ತು. 5 ಪಿಯಾಸ್ತರ್ ರೊಟ್ಟಿ ಮಾತ್ರ ಹಾಗೇ ಇತ್ತು, ಅದೊಂದೇ ಜನರನ್ನು ಹಿಡಿದು ನಿಲ್ಲಿಸಿದ್ದು. ಕೊನೆಗೆ 2024ರ ಜೂನ್‌ನಲ್ಲಿ ಅದೂ 20 ಪಿಯಾಸ್ತರ್ ಆಯಿತು. ಒಂದೇ ಏಟಿಗೆ ನಾಲ್ಕು ಪಟ್ಟು. ಆಗಲೂ ಸರ್ಕಾರಕ್ಕೆ ಒಂದು ರೊಟ್ಟಿಗೆ 125 ಪಿಯಾಸ್ತರ್ ಬೀಳುತ್ತಿತ್ತು ಎಂದು ಪ್ರಧಾನಿ ಮುಸ್ತಫಾ ಮದ್ಬೌಲಿ ಹೇಳಿದ್ದರು.

ಬೆಲೆ ಏರಿದರೆ ಎಲ್ಲರಿಗೂ ಒಂದೇ ಥರ ತಟ್ಟುವುದಿಲ್ಲ. ಅಮೆರಿಕದಲ್ಲಿ ಮನೆಯೂಟ, ಹೋಟೆಲ್ ಊಟ ಎಲ್ಲ ಸೇರಿ ಕೈಗೆ ಬರುವ ಆದಾಯದ ಶೇ. 11ರ ಆಸುಪಾಸು ಖರ್ಚಾಗುತ್ತದೆ. ನಮ್ಮಲ್ಲಿ 2022–23ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಮನೆಖರ್ಚಿನಲ್ಲಿ ಊಟದ ಪಾಲು ಹಳ್ಳಿಯಲ್ಲಿ ಶೇ. 46, ಪೇಟೆಯಲ್ಲಿ ಶೇ. 39. ನೈಜೀರಿಯಾದಂಥ ಕಡೆ ಅರ್ಧಕ್ಕಿಂತಲೂ ಜಾಸ್ತಿ. ಊಟಕ್ಕೇ ಅರ್ಧ ಸಂಬಳ ಹೋಗುವ ಮನೆಯಲ್ಲಿ ರೇಟು ಶೇ. 30 ಏರಿದರೆ ಮಾಡುವುದೇನು? ಹೊಟ್ಟೆ ತುಂಬಿಸುವ ಅನ್ನ, ರೊಟ್ಟಿಯನ್ನು ಯಾರೂ ಮೊದಲು ಬಿಡುವುದಿಲ್ಲ. ಮೊಟ್ಟೆ ನಿಲ್ಲುತ್ತದೆ, ಹಾಲು ನೀರಾಗುತ್ತದೆ, ಬೇಳೆ ತೆಳ್ಳಗಾಗುತ್ತದೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಅಮ್ಮನ ತಟ್ಟೆ ಮೊದಲು ಖಾಲಿಯಾಗುತ್ತದೆ. ಹೀಗಾಗಿ ಹಸಿವು ಬಹಳ ಕಾಲ ಹೊರಗೆ ಕಾಣುವುದೇ ಇಲ್ಲ, ಮಗುವಿನ ತೂಕದಲ್ಲಿ, ರಕ್ತದಲ್ಲಿ ಕಾಣುತ್ತದೆ. ವಿಶ್ವಸಂಸ್ಥೆಯ 2023ರ ವರದಿ ಪ್ರಕಾರ 2022ರಲ್ಲಿ ಹಸಿದಿದ್ದವರು 69ರಿಂದ 78 ಕೋಟಿ. ಪೌಷ್ಟಿಕ ಊಟ ಕೊಳ್ಳಲಾಗದವರು 2021ರಲ್ಲಿ 300 ಕೋಟಿಗೂ ಜಾಸ್ತಿ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಈ ಎರಡನೇ ಸಂಖ್ಯೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸುಡಾನ್‌ನಂಥ ಕಡೆ ನಡೆದದ್ದು ಬೇರೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. 2024ರ ಆಗಸ್ಟ್‌ನಲ್ಲಿ ಡಾರ್ಫರ್‌ನ ಝಂಝಂ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಅಂತ ದೃಢಪಟ್ಟಿತು. ಬಂದೂಕು ಹಿಡಿದವರು ಲಾರಿ ತಡೆದು ಮಾಡುವ ಹಸಿವು ಅದು. ಬೆಲೆ ಏರಿಕೆ ಜೊತೆ ಅದನ್ನು ಸೇರಿಸಿ ಮಾತಾಡಬಾರದು.

ಇನ್ನು ನಾವೇ ಬಾಗಿಲು ಹಾಕಿದ ಕಥೆ. ಅಭಿವೃದ್ಧಿ ಹೊಂದುತ್ತಿರುವ ದೇಶ ಅಂದರೆ ಬರೀ ಏಟು ತಿನ್ನುವ ದೇಶ ಅಂದುಕೊಳ್ಳುತ್ತೇವೆ. ಏಟು ಕೊಡುವವರಲ್ಲಿ ನಾವೂ ಇದ್ದೇವೆ. 2022ರ ಏಪ್ರಿಲ್‌ನಲ್ಲಿ ಈಜಿಪ್ಟ್ ಭಾರತದ ಗೋಧಿ ಕೊಳ್ಳಲು ಒಪ್ಪಿತ್ತು. ಜಗತ್ತಿಗೆ ಅನ್ನ ಹಾಕಲು ನಾವು ಸಿದ್ಧ ಅನ್ನುವ ಮಾತು ಆಗ ದಿಲ್ಲಿಯಿಂದಲೂ ಕೇಳಿಬಂದಿತ್ತು. ಆದರೆ ಆ ವರ್ಷದ ಮಾರ್ಚ್ ನಮ್ಮ ದೇಶದಲ್ಲಿ 122 ವರ್ಷಗಳಲ್ಲೇ ಅತಿ ಬಿಸಿಯಾದ ಮಾರ್ಚ್. ಪಂಜಾಬ್, ಹರಿಯಾಣದಲ್ಲಿ ಗೋಧಿ ಕಾಳು ಸೊರಗಿತು. ಹಿಂದಿನ ವರ್ಷ 433 ಲಕ್ಷ ಟನ್ ಇದ್ದ ಸರ್ಕಾರಿ ಖರೀದಿ 188 ಲಕ್ಷ ಟನ್‌ಗೆ ಬಿತ್ತು. ಮೇ 13ರಂದು ರಫ್ತು ನಿಷೇಧ ಬಂತು.

ಅಕ್ಕಿಯದು ಇನ್ನೂ ದೊಡ್ಡ ಏಟು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ. 40 ನಮ್ಮದು. 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿ ರಫ್ತು ನಿಂತಿತು. 2023ರ ಜುಲೈ 20ರಂದು ಬಾಸ್ಮತಿ ಅಲ್ಲದ ಬೆಳ್ತಿಗೆ ಅಕ್ಕಿ ಪೂರ್ತಿ ನಿಂತಿತು. ಮುಂದಿನ ತಿಂಗಳು ಕುಚ್ಚಲಕ್ಕಿಗೆ ಶೇ. 20 ಸುಂಕ ಬಿತ್ತು. ಅಮೆರಿಕದಲ್ಲಿರುವ ನಮ್ಮವರು ಇಂಡಿಯನ್ ಸ್ಟೋರ್‌ಗಳ ಮುಂದೆ ಸೋನಾ ಮಸೂರಿ ಮೂಟೆಗೆ ಕ್ಯೂ ನಿಂತದ್ದು ನಿಮಗೆ ನೆನಪಿರಬಹುದು. ಆ ವಿಡಿಯೋ ನಮ್ಮ ವಾಟ್ಸಾಪ್‌ಗೆಲ್ಲ ಬಂತು. ಅವರಿಗೆ ತೊಂದರೆ ಆದದ್ದು ನಿಜ. ಆದರೆ ಅವರು ಸೋನಾ ಮಸೂರಿ ಬಿಟ್ಟು ಥಾಯ್ ಅಕ್ಕಿ ಕೊಂಡರೂ ತಿಂಗಳ ಬಜೆಟ್ ಏರುಪೇರಾಗುವುದಿಲ್ಲ. ಪಶ್ಚಿಮ ಆಫ್ರಿಕಾದ ವಿಡಿಯೋ ನಮಗೆ ಯಾರೂ ಕಳಿಸಲಿಲ್ಲ.

ಸೆನೆಗಲ್ ನೋಡಿ. ಅಲ್ಲಿನ ಹೆಸರಾಂತ ಊಟ ಚೆಬುಜೆನ್. ಮೀನು, ತರಕಾರಿ, ಟೊಮೆಟೊ ಹಾಕಿ ಮಾಡುವ ಅನ್ನ. 2021ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೂ ಸೇರಿತು. ಅದನ್ನು ಮಾಡುವುದೇ ನುಚ್ಚಕ್ಕಿಯಲ್ಲಿ, ಇಡೀ ಅಕ್ಕಿಯಲ್ಲಿ ಮಾಡಿದರೆ ಅವರಿಗೆ ರುಚಿಸದು. ನಮ್ಮಲ್ಲಿ ಅದೇ ನುಚ್ಚು ಕೋಳಿ ಮೇವಿಗೆ, ಎಥನಾಲ್‌ಗೆ ಹೋಗುತ್ತದೆ. ಒಳಗೆ ಮೇವಿನ ಬೆಲೆ ಏರಿತು ಅಂತಲೇ ನಾವು ರಫ್ತು ನಿಲ್ಲಿಸಿದ್ದು. ನಮ್ಮ ಕೋಳಿಗೂ ಸೆನೆಗಲ್ ರಾಜಧಾನಿ ಡಕಾರ್‌ನ ಮನೆಯೂಟಕ್ಕೂ ಒಂದೇ ಚೀಲಕ್ಕೆ ಪೈಪೋಟಿ ಬಿತ್ತು. ಮುಂದೆ ಸೆನೆಗಲ್‌ನಂಥ ಕೆಲವು ದೇಶಗಳು ಕೇಳಿಕೊಂಡ ಮೇಲೆ ಸರ್ಕಾರದ ಮಟ್ಟದಲ್ಲಿ ಇಂತಿಷ್ಟು ಅಂತ ಬಿಟ್ಟರು. ಬೆಳ್ತಿಗೆ ಅಕ್ಕಿಯ ನಿಷೇಧ ತೆಗೆದದ್ದು 2024ರ ಸೆಪ್ಟೆಂಬರ್ ಕೊನೆಗೆ.

ನಿಷೇಧ ತಪ್ಪಾ? ತನ್ನ ಜನಕ್ಕೆ ಮೊದಲು ಅನ್ನುವ ಸರ್ಕಾರವನ್ನು ಸುಮ್ನೆ ಬೈಯುವುದು ಸುಲಭ. ನನ್ನ ತಕರಾರು ಬೇರೆ, ಅದು ರಾತ್ರೋರಾತ್ರಿ ಬರುತ್ತದೆ ಅನ್ನುವುದು. 2008ರಲ್ಲೂ ಹೀಗೇ ಆಯಿತು. ಭಾರತ, ವಿಯೆಟ್ನಾಂ ಬಾಗಿಲು ಹಾಕಿದವು, ಫಿಲಿಪ್ಪೀನ್ಸ್ ಗಾಬರಿಯಿಂದ ಕೊಳ್ಳಲು ಹೊರಟಿತು, ಥಾಯ್ ಅಕ್ಕಿ ಟನ್ನಿಗೆ 1,000 ಡಾಲರ್ ಮುಟ್ಟಿತು. ಆಗ ಅಕ್ಕಿ ಬೆಳೆಗೆ ಏನೂ ಆಗಿರಲಿಲ್ಲ. ಜಪಾನ್ ತನ್ನ ಗೋದಾಮಿನ ಅಕ್ಕಿ ಬಿಡುವ ಮಾತಾಡಿದ ಕೂಡಲೇ ಬೆಲೆ ಇಳಿಯಿತು. ಸುಂಕ ಹಾಕಿ, ಮುಂಚೆ ತಿಳಿಸಿ, ಬಡ ದೇಶಗಳಿಗೆ ಒಂದು ಪಾಲು ಮೊದಲೇ ಎತ್ತಿಟ್ಟರೆ ನಮ್ಮ ಕೆಲಸವೂ ಆಗುತ್ತದೆ, ಅವರೂ ಕಂಗಾಲಾಗುವುದಿಲ್ಲ.

ಇದೇ ಜಗ್ಗಾಟ ನಮ್ಮ ರಾಜ್ಯದ ಬಾಗಿಲಿಗೂ ಬಂದಿತ್ತು. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕೆಜಿ ಕೊಡಲು ಕರ್ನಾಟಕಕ್ಕೆ ತಿಂಗಳಿಗೆ ಸುಮಾರು 2.28 ಲಕ್ಷ ಟನ್ ಅಕ್ಕಿ ಬೇಕಿತ್ತು. ಪೇಟೆ ಬೆಲೆ ಹಿಡಿತದಲ್ಲಿರಲಿ ಅಂತ ಕೇಂದ್ರ ಅದೇ ತಿಂಗಳು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ತನ್ನ ಗೋದಾಮಿನ ಅಕ್ಕಿ ಮಾರುವುದನ್ನು ನಿಲ್ಲಿಸಿತು. ರಾಜ್ಯ ಅಕ್ಕಿ ಬದಲು ದುಡ್ಡು ಹಾಕಿತು. ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ. ಅಂಗಡಿಗೆ ಹೋದವರಿಗೆ ಆ ದುಡ್ಡಿಗೆ 5 ಕೆಜಿ ಒಳ್ಳೆ ಅಕ್ಕಿ ಸಿಗಲಿಲ್ಲ. ಯಾವ ಪಕ್ಷ ಸರಿ ಅನ್ನುವ ಜಗಳ ನನಗೆ ಬೇಡ. ಆದರೆ ಇಲ್ಲಿ ಕಲಿಯುವುದು ಒಂದಿದೆ. ಬೆಲೆ ಸ್ಥಿರವಾಗಿದ್ದಾಗ ದುಡ್ಡು ಕೊಟ್ಟರೂ ನಡೆಯುತ್ತದೆ, ಬೆಲೆ ಏರುವಾಗ 170 ರೂಪಾಯಿ ಪ್ರತಿ ತಿಂಗಳು ಸಣ್ಣದಾಗುತ್ತದೆ. 5 ಕೆಜಿ 5 ಕೆಜಿಯಾಗಿಯೇ ಇರುತ್ತದೆ. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದರು.

ಶ್ರೀಲಂಕಾದ ವಿಷಯದಲ್ಲಿ ಎಲ್ಲರೂ ಗೊಬ್ಬರ ನಿಷೇಧವನ್ನೇ ಹೇಳುತ್ತಾರೆ. 2021ರಲ್ಲಿ ಆಗಿನ ಅಧ್ಯಕ್ಷ ಗೋಟಬಯ ರಾಜಪಕ್ಸ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು. ಸಾವಯವ ಅನ್ನುವ ಮಾತಿನ ಹಿಂದೆ ಡಾಲರ್ ಉಳಿಸುವ ಆಸೆಯೂ ಇತ್ತು. ಭತ್ತ, ಚಹಾ ಎರಡೂ ಬಿದ್ದವು, ನವೆಂಬರ್‌ನಲ್ಲಿ ನಿಷೇಧ ತೆಗೆದರು. ಚಹಾ ಬಿದ್ದರೆ ಡಾಲರ್ ಬರುವ ದಾರಿಯೇ ಕಟ್ಟಾಯಿತಲ್ವಾ? ಯುಕ್ರೇನ್ ಯುದ್ಧ ಶುರುವಾಗುವ ಹೊತ್ತಿಗೆ ಖಜಾನೆ ಖಾಲಿ. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ಕೊಲಂಬೊದ ಆಹಾರ ಹಣದುಬ್ಬರ ಶೇ. 95ರ ಹತ್ತಿರ. ಯುದ್ಧ ಅವರ ಕಷ್ಟವನ್ನು ಹುಟ್ಟುಹಾಕಲಿಲ್ಲ, ಇದ್ದದ್ದನ್ನು ಬಯಲಿಗೆ ತಂದಿತು.

ಗೊಬ್ಬರದ ಏಟು ಮಿಕ್ಕವರಿಗೂ ತಟ್ಟಿತು, ಒಂದು ಸುಗ್ಗಿ ತಡವಾಗಿ. ಯೂರಿಯಾ ಮಾಡುವುದು ನೈಸರ್ಗಿಕ ಅನಿಲದಿಂದ. ಅನಿಲ ಏರಿದರೆ ಯೂರಿಯಾ ಏರುತ್ತದೆ. ಕೆನ್ಯಾದಲ್ಲಿ 50 ಕೆಜಿ ಗೊಬ್ಬರದ ಚೀಲ 6,500 ಶಿಲ್ಲಿಂಗ್ ಮುಟ್ಟಿದ ಮೇಲೆ ಸರ್ಕಾರ ಸಬ್ಸಿಡಿ ಕೊಟ್ಟು 3,500ಕ್ಕೆ ಇಳಿಸಬೇಕಾಯಿತು. ನಮ್ಮ ರೈತರಿಗೆ 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೇ ಸಿಗುತ್ತಾ ಬಂತು. ಹೊರಗಿನಿಂದ ತಂದ ಚೀಲಕ್ಕೆ ಆಗ 2,000 ರೂಪಾಯಿಗೂ ಜಾಸ್ತಿ ಬೀಳುತ್ತಿತ್ತು. ಆ ವ್ಯತ್ಯಾಸ ತುಂಬಲು 2022–23ರಲ್ಲಿ ಕೇಂದ್ರ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಗೊಬ್ಬರ ಸಬ್ಸಿಡಿ ಕೊಟ್ಟಿತು. ಬಡ ದೇಶಕ್ಕೆ ಅಷ್ಟು ದುಡ್ಡು ಎಲ್ಲಿಂದ? ಅಲ್ಲಿನ ರೈತ ಗೊಬ್ಬರ ಕಡಿಮೆ ಹಾಕುತ್ತಾನೆ, ಮುಂದಿನ ವರ್ಷ ಇಳುವರಿ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಮಗೂ ಆ ಗತಿ ಬರಬಹುದಾ ಅಂತ. ಅಕ್ಕಿ, ಗೋಧಿಯಲ್ಲಿ ಸುಲಭಕ್ಕೆ ಬರುವುದಿಲ್ಲ. ನಮ್ಮದೇ ಬೆಳೆ ಇದೆ, ಗೋದಾಮು ಇದೆ, 80 ಕೋಟಿ ಜನಕ್ಕೆ ರೇಷನ್ ಇದೆ. ಜೋಳ, ರಾಗಿಗೂ ಹಡಗು ಕಾಯಬೇಕಿಲ್ಲ. ಎಣ್ಣೆಯಲ್ಲಿ ಮಾತ್ರ ನಾವು ಈಜಿಪ್ಟ್‌ಗಿಂತ ಮೇಲೇನಲ್ಲ. ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಯುದ್ಧಕ್ಕೆ ಮೊದಲು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಶೇ. 70ಕ್ಕೂ ಹೆಚ್ಚು ಯುಕ್ರೇನ್‌ನದು. ಅದು ನಿಂತಿತು. ತಾಳೆ ಎಣ್ಣೆಯಾದರೂ ಇದೆ ಅನ್ನುವಷ್ಟರಲ್ಲಿ ಏಪ್ರಿಲ್ 28ರಂದು ಇಂಡೋನೇಷ್ಯಾವೂ ಮೂರು ವಾರಗಳ ಮಟ್ಟಿಗೆ ರಫ್ತು ನಿಲ್ಲಿಸಿತು. ನಿಮ್ಮ ಬಾಣಲೆಗೆ ಬಿಸಿ ತಟ್ಟಿದ್ದು ಹೀಗೆ ಎರಡು ಕಡೆಯಿಂದ.

ಆದರೂ ನಿಮ್ಮ ಡಬ್ಬಿ ರೇಟು ಇಳಿಯಿತು. ಯಾಕೆಂದರೆ ನಮ್ಮ ಬಳಿ ಡಾಲರ್ ಇತ್ತು. ಯುದ್ಧ ಶುರುವಾದಾಗ ವಿದೇಶಿ ವಿನಿಮಯ ಸಂಗ್ರಹ 60,000 ಕೋಟಿ ಡಾಲರ್‌ಗೂ ಮೇಲಿತ್ತು. ರೂಪಾಯಿ 75ರಿಂದ 83ಕ್ಕೆ ಹೋಯಿತೇ ಹೊರತು ಈಜಿಪ್ಟ್ ಪೌಂಡಿನ ಹಾಗೆ ಕುಸಿಯಲಿಲ್ಲ. ಆಮದು ಸುಂಕವನ್ನೂ ಸರ್ಕಾರ ಹೆಚ್ಚುಕಡಿಮೆ ತೆಗೆದುಹಾಕಿತ್ತು. ಪೇಟೆ ಇಳಿದಾಗ ನಿಮಗೂ ಇಳಿಯಿತು.

ಆ ಇಳಿಕೆಯ ಇನ್ನೊಂದು ತುದಿಯಲ್ಲಿ ರೈತ ಇದ್ದ. 2023ರ ಜೂನ್‌ನಲ್ಲಿ ಹರಿಯಾಣದ ಕುರುಕ್ಷೇತ್ರದಲ್ಲಿ ಸೂರ್ಯಕಾಂತಿ ಬೆಳೆಗಾರರು ಹೆದ್ದಾರಿಯಲ್ಲಿ ಕೂತರು. ಬೆಂಬಲ ಬೆಲೆ ಕ್ವಿಂಟಲ್‌ಗೆ 6,400 ರೂಪಾಯಿ, ಪೇಟೆಯಲ್ಲಿ ಅದರ ಹತ್ತಿರವೂ ಇರಲಿಲ್ಲ. ದೇಶದಲ್ಲಿ ಸೂರ್ಯಕಾಂತಿ ಹೆಚ್ಚು ಬೆಳೆಯುವುದು ನಮ್ಮ ಕರ್ನಾಟಕ. ಆದರೂ 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರ್ ದಾಟಿದ್ದ ಬೆಳೆ ಈಗ ಅದರ ಹತ್ತನೇ ಒಂದು ಭಾಗದ ಆಸುಪಾಸು. ಅಗ್ಗದ ಎಣ್ಣೆ ಹೊರಗಿನಿಂದ ಬಂದಾಗಲೆಲ್ಲ ರಾಯಚೂರು, ಕೊಪ್ಪಳದ ಕಡೆಯ ಹೊಲಗಳಲ್ಲಿ ಸೂರ್ಯಕಾಂತಿ ಜಾಗಕ್ಕೆ ಬೇರೆ ಏನಾದರೂ ಬಂತು. ಹೊರಗಿನಿಂದ ತರುವ ಕಚ್ಚಾ ಅಡುಗೆ ಎಣ್ಣೆಯ ಮೂಲ ಸುಂಕವನ್ನು 2024ರ ಸೆಪ್ಟೆಂಬರ್‌ನಲ್ಲಿ ಶೇ. 20ಕ್ಕೆ ಏರಿಸಿದರು, 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಸಿದರು. ಬಿತ್ತುವಾಗ ಒಂದು ಸುಂಕ, ಮಾರುವಾಗ ಇನ್ನೊಂದು. ನಿಮ್ಮ ಅಂಗಡಿ ನಡೆಯಬೇಕು ಅನ್ನುವುದು ನನಗೂ ಗೊತ್ತು. ಆದರೂ ನನ್ನನ್ನು ಕೇಳಿದರೆ ಸುಂಕವನ್ನು ನಾಲ್ಕೈದು ವರ್ಷ ಒಂದೇ ಮಟ್ಟದಲ್ಲಿ ಇಡಬೇಕು. ಡಬ್ಬಿಗೆ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ. ಆಗ ರೈತನಿಗೆ ಬಿತ್ತುವ ಧೈರ್ಯ ಬರುತ್ತದೆ. ಕಪ್ಪು ಸಮುದ್ರದಲ್ಲಿ ಮುಂದೆ ಗಲಾಟೆಯಾದರೂ ನಿಮಗೆ ಎಣ್ಣೆಯ ಒಂದು ಪಾಲು ಕೊಪ್ಪಳದಿಂದಲೇ ಬರುತ್ತದೆ.